ಗಾಡಿ ಬರುವ ತನಕ, ಬಂದ ಮೇಲೆ

(ವನದುರ್ಗದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ವರದಕ್ಷಿಣೆಗಾಗಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ ‘112ಕ್ಕೆ ಫೋನು ಮಾಡು’ ಎನ್ನುತ್ತೇವೆ. ಮಾಡಿದ ಮೇಲೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಇಂದು ನಾನು ಅದನ್ನೇ ಹೇಳಬೇಕೆಂದಿದ್ದೇನೆ.

2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಅತ್ಯಾಚಾರದ ವಿರುದ್ಧ ದೇಶದ ಹೆಂಗಸರು ಬೀದಿಗಿಳಿದರು. 2013ರಲ್ಲಿ ನಿರ್ಭಯಾ ನಿಧಿ ಬಂತು. ಆ ಹಣದಿಂದಲೇ 112ರ ವ್ಯವಸ್ಥೆ ಕಟ್ಟಿದ್ದು. ಇದು ಯಾರೋ ದಯೆಯಿಂದ ಕೊಟ್ಟದ್ದಲ್ಲ, ಹೋರಾಡಿ ಪಡೆದದ್ದು.

ನಿಮ್ಮ ಕರೆ ಮೊದಲು ಮುಟ್ಟುವುದು ಶಹಾಪುರ ಠಾಣೆಗಲ್ಲ, ರಾಜ್ಯದ ಕಂಟ್ರೋಲ್ ರೂಮಿಗೆ. ಅಲ್ಲಿ ಕರೆಗೊಂದು ನಂಬರು ಬೀಳುತ್ತದೆ. ಗಸ್ತಿನ ಗಾಡಿಗಳು ಎಲ್ಲಿವೆ, ಯಾವುದು ಖಾಲಿ ಇದೆ ಎಂಬುದು ಕಂಪ್ಯೂಟರಿನ ನಕ್ಷೆಯಲ್ಲಿ ಕಾಣುತ್ತದೆ. ಹತ್ತಿರದ ಗಾಡಿಗೆ ಕೆಲಸ ಹೋಗುತ್ತದೆ. ಅದು ಬೇರೆಡೆ ಸಿಕ್ಕಿಕೊಂಡಿದ್ದರೆ ಇನ್ನೊಂದಕ್ಕೆ. ವಿವರ ಗಾಡಿಯೊಳಗಿನ ಪರದೆಯ ಮೇಲೆ ಬರುತ್ತದೆ. ಹೊರಟೆವು, ಮುಟ್ಟಿದೆವು, ಇಂಥದ್ದು ಮಾಡಿದೆವು ಎಂದು ಪೊಲೀಸರು ಅದರಲ್ಲೇ ತಿಳಿಸಬೇಕು.

ಆದರೆ ಯಂತ್ರಕ್ಕೆ ನಮ್ಮ ಓಣಿ ಗೊತ್ತಿಲ್ಲ. ಮೊಬೈಲ್ ಟವರಿನಿಂದ ಊರು ಸಿಕ್ಕೀತು, ಮನೆ ಸಿಗದು. ಜಿಲ್ಲೆ, ತಾಲ್ಲೂಕು, ಊರು, ಹತ್ತಿರದ ಗುಡಿಯೋ ಶಾಲೆಯೋ ಎಲ್ಲವನ್ನೂ ಹೇಳಬೇಕು. ಸಂಘದಲ್ಲೂ ಕೆಲಸ ಹಂಚಿಕೊಳ್ಳೋಣ. ಒಬ್ಬಳು ಫೋನು ಮಾಡಲಿ, ಒಬ್ಬಳು ರಸ್ತೆಗೆ ನಿಂತು ದಾರಿ ತೋರಿಸಲಿ, ಒಬ್ಬಳು ಮಕ್ಕಳನ್ನು ಕರೆದೊಯ್ಯಲಿ, ಉಳಿದವರು ಆಕೆಯ ಬಾಗಿಲಲ್ಲಿ ನಿಲ್ಲಲಿ.

ಇನ್ನು ಮುಖ್ಯ ಮಾತು. ಗಾಡಿ ಬಂತು, ‘ಗಂಡ-ಹೆಂಡಿರ ಜಗಳ, ಹೊಂದಿಕೊಂಡು ಹೋಗಮ್ಮ’ ಎಂದು ಬುದ್ಧಿ ಹೇಳಿ ಹೋಯಿತು ಎನ್ನಿ. ಪರದೆಯ ಮೇಲೆ ಕೆಲಸ ಮುಗಿಯಿತು. ಆಕೆಗೆ ಮುಗಿಯಿತೇ? 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 5ನೇ ಕಲಮು ಏನು ಹೇಳುತ್ತದೆ ಕೇಳಿ: ಕೋರ್ಟಿನಿಂದ ರಕ್ಷಣೆಯ ಆದೇಶ ಪಡೆಯಬಹುದು, ರಕ್ಷಣಾಧಿಕಾರಿ ಇದ್ದಾರೆ, ಉಚಿತ ಕಾನೂನು ನೆರವು ಇದೆ, ಕ್ರಿಮಿನಲ್ ದೂರನ್ನೂ ಕೊಡಬಹುದು ಎಂದು ಪೊಲೀಸರು ಆಕೆಗೆ ತಿಳಿಸಲೇಬೇಕು. ಹಿಂದಿನ 498-ಎ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು ಬಂದಿದೆ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು.

ಕರೆಯ ನಂಬರು ಕೇಳಿ. ತಾರೀಖು, ಗಾಡಿ ಬಂದ ಹೊತ್ತು, ಬಂದವರು ಏನು ಮಾಡಿದರು ಎಂಬುದನ್ನು ಸಂಘದ ವಹಿಯಲ್ಲಿ ಬರೆದಿಡಿ. ಸಾಲದ ಕಂತು ಬರೆಯುವ ನಮಗೆ ಇದು ಕಷ್ಟವಲ್ಲ. ನಾಳೆ ಯಾರಾದರೂ ‘ಆಕೆ ಕರೆದೇ ಇರಲಿಲ್ಲ’ ಎಂದರೆ ನಮ್ಮ ವಹಿ ಮಾತಾಡುತ್ತದೆ.