ಕ್ರೋಶಾ ನಕ್ಷೆಯ ಅಕ್ಷರಮಾಲೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಓದಿದವರಲ್ಲಿ ಎಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ, ಒಳ್ಳೆಯ ಬೇಸಾಯಗಾರರಿದ್ದಾರೆ. ನಾನು ವೃತ್ತಿ ಶಿಕ್ಷಕಿಯಾಗಿ ಹೆಣ್ಣುಮಕ್ಕಳಿಗೆ ಹೊಲಿಗೆ, ಹೆಣಿಗೆ ಹೇಳಿಕೊಟ್ಟು ನಿವೃತ್ತಳಾದವಳು. ಆದ್ದರಿಂದ ನನಗೆ ಗೊತ್ತಿರುವ ಒಂದು ವಿಷಯವನ್ನೇ ಮಾತಾಡುತ್ತೇನೆ. ಅದು ಕ್ರೋಶಾ ನಕ್ಷೆಯನ್ನು ಓದುವ ವಿಷಯ. ಅದೂ ಒಂದು ಲಿಪಿ. ಅದನ್ನು ಕಲಿಯಲು ಒಂದು ವಾರ ಸಾಕು, ಕಲಿತವರಿಗೆ ಅದರ ಉಪಯೋಗ ಜೀವನಪೂರ್ತಿ. ಪೆನ್ನು ಇದ್ದವರು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ನನ್ನ ಜೊತೆಗೇ ಬರೆದುಕೊಳ್ಳಿ.

ನಮ್ಮೂರಿಗೆ ಕ್ರೋಶಾ ಹೊಸದಲ್ಲ. ಬಾಗಿಲ ತೋರಣ, ಟಿ.ವಿ. ಮೇಲಿನ ಹೊದಿಕೆ, ಮಗುವಿನ ಕುಲಾವಿ ಎಲ್ಲವನ್ನೂ ನಮ್ಮ ಅಜ್ಜಿಯರು, ಅತ್ತೆಯರು ಹೆಣೆದಿದ್ದಾರೆ. ಈಗ ಅದೇ ಕಡ್ಡಿಯಲ್ಲಿ ಸೀರೆಗೆ ಕುಚ್ಚು ಹಾಕುತ್ತಾರೆ. ಆದರೆ ಕಲಿಯುವ ದಾರಿ ಮಾತ್ರ ಅಂದಿನಿಂದ ಒಂದೇ: ಗೊತ್ತಿದ್ದವರ ಪಕ್ಕದಲ್ಲಿ ಕೂತು ಅವರ ಕೈ ನೋಡಿ ಕಲಿಯುವುದು. ಅದು ಒಳ್ಳೆಯ ದಾರಿಯೇ. ಆದರೆ ತೋರಿಸುವ ಕೈ ಇರುವ ತನಕ ಮಾತ್ರ ಆ ದಾರಿ ತೆರೆದಿರುತ್ತದೆ. ಅಜ್ಜಿ ಹೋದ ಮೇಲೆ ತೋರಣ ಉಳಿಯುತ್ತದೆ, ಅದನ್ನು ಹಾಕುವ ಬಗೆ ಅವರೊಂದಿಗೇ ಹೋಗುತ್ತದೆ. ಈಗ ಮೊಬೈಲಿನಲ್ಲಿ ವಿಡಿಯೋ ಇದೆ ಎನ್ನಬಹುದು. ಅದೂ ಕೈ ನೋಡಿ ಕಲಿಯುವುದೇ. ಹತ್ತು ಸಲ ನಿಲ್ಲಿಸಿ, ಹಿಂದೆ ಹೋಗಿ ನೋಡಬೇಕು. ನಕ್ಷೆ ಹಾಗಲ್ಲ, ಇಡೀ ಹೂವು ಒಂದೇ ನೋಟಕ್ಕೆ ಸಿಗುತ್ತದೆ.

ಈಗ ಅಕ್ಷರಗಳಿಗೆ ಬರೋಣ. ಅಕ್ಕಿಕಾಳಿನಂತೆ ಉದ್ದಕ್ಕಿರುವ ಸೊನ್ನೆ ಎಂದರೆ ಚೈನ್. ಸಾಸಿವೆಯಂಥ ಕಪ್ಪು ಚುಕ್ಕೆ ಎಂದರೆ ಸ್ಲಿಪ್ ಸ್ಟಿಚ್, ಅಂದರೆ ಸುತ್ತು ಮುಗಿದಾಗ ತುದಿಯನ್ನು ಮೊದಲಿಗೆ ಸೇರಿಸುವ ಹೊಲಿಗೆ. ಗುಣಿಸುವ ಚಿಹ್ನೆ ಅಥವಾ ಕೂಡಿಸುವ ಚಿಹ್ನೆ ಇದ್ದರೆ ಸಿಂಗಲ್ ಕ್ರೋಶಾ. ಇಂಗ್ಲಿಷಿನ ಟಿ ಅಕ್ಷರದಂತೆ ಬರೀ ಕಂಬ, ಮೇಲೊಂದು ತೊಲೆ ಇದ್ದರೆ ಹಾಫ್ ಡಬಲ್. ಅದೇ ಕಂಬದ ಮೇಲೆ ಓರೆಯಾಗಿ ಒಂದು ಗೀಟು ಎಳೆದಿದ್ದರೆ ಡಬಲ್ ಕ್ರೋಶಾ. ಎರಡು ಗೀಟು ಇದ್ದರೆ ಟ್ರಿಬಲ್. ಇಷ್ಟು ಆರು ಅಕ್ಷರ ಬಂದರೆ ತೋರಣದ ಹೂವುಗಳಲ್ಲಿ ಹೆಚ್ಚಿನವನ್ನು ಓದಬಹುದು.

ಈ ಗೀಟುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಅವಕ್ಕೊಂದು ಅರ್ಥವಿದೆ. ಎಷ್ಟು ಗೀಟು ಇದೆಯೋ ಅಷ್ಟು ಸಲ ದಾರವನ್ನು ಕಡ್ಡಿಗೆ ಸುತ್ತಿಕೊಂಡು ಆಮೇಲೆ ತೂತಿಗೆ ಹಾಕಬೇಕು. ಡಬಲ್‌ಗೆ ಒಂದು ಸುತ್ತು. ದಾರ ಎಳೆದುಕೊಂಡಾಗ ಕಡ್ಡಿಯ ಮೇಲೆ 3 ಕುಣಿಕೆ ಇರುತ್ತವೆ, ಎರಡೆರಡಾಗಿ 2 ಸಲ ಬಿಡಿಸಬೇಕು. ಟ್ರಿಬಲ್‌ಗೆ 2 ಸುತ್ತು, 4 ಕುಣಿಕೆ, 3 ಸಲ ಬಿಡಿಸುವುದು. ಮೂರು ಗೀಟಿನ ಕಂಬ ಎದುರಾದರೆ ಹೆಸರು ಗೊತ್ತಿಲ್ಲದಿದ್ದರೂ ಹೆಣೆಯಬಹುದು: 3 ಸುತ್ತು ಸುತ್ತಿ, 4 ಸಲ ಬಿಡಿಸಿ. ಹಾಫ್ ಡಬಲ್ ಒಂದೇ ಇದಕ್ಕೆ ಹೊರತು. ಅದಕ್ಕೆ ಗೀಟಿಲ್ಲದಿದ್ದರೂ ಒಂದು ಸುತ್ತು ಇದೆ, ಮೂರೂ ಕುಣಿಕೆಯನ್ನು ಒಂದೇ ಸಲಕ್ಕೆ ಬಿಡಿಸಬೇಕು.

ನಕ್ಷೆಯಲ್ಲಿ ಚಿಹ್ನೆ ಎತ್ತರವಾದಷ್ಟೂ ಹೆಣಿಗೆಯೂ ಎತ್ತರ. ಸಾಲು ಶುರು ಮಾಡುವಾಗ ಆ ಎತ್ತರಕ್ಕೆ ಏರಲು ಚೈನಿನ ಏಣಿ ಬೇಕು. ಸಿಂಗಲ್‌ಗೆ 1 ಚೈನ್, ಹಾಫ್ ಡಬಲ್‌ಗೆ 2, ಡಬಲ್‌ಗೆ 3, ಟ್ರಿಬಲ್‌ಗೆ 4. ಡಬಲ್ ಸಾಲಿನ ಆರಂಭದ ಆ 3 ಚೈನನ್ನು ಸಾಮಾನ್ಯವಾಗಿ ಮೊದಲನೆಯ ಕಂಬವೆಂದೇ ಲೆಕ್ಕ ಹಿಡಿಯುತ್ತಾರೆ.

ಅಕ್ಷರ ಬಂದ ಮೇಲೆ ಕಾಗುಣಿತ ಬರಬೇಕಲ್ಲ, ಇಲ್ಲಿಯೂ ಹಾಗೆಯೇ. ಹಲವು ಕಂಬಗಳು ಬುಡದಲ್ಲಿ ಕೂಡಿ, ತಲೆಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ ಅವೆಲ್ಲವನ್ನೂ ಒಂದೇ ತೂತಿಗೆ ಹಾಕಬೇಕು ಎಂದರ್ಥ. ಅಲ್ಲಿ ಹೆಣಿಗೆ ಅಗಲವಾಗುತ್ತದೆ. ಬುಡ ಬೇರೆ ಬೇರೆ, ತಲೆ ಮಾತ್ರ ಒಂದಾಗಿದ್ದರೆ ಎಲ್ಲವನ್ನೂ ಕೊನೆಯಲ್ಲಿ ಸೇರಿಸಿ ಒಂದು ಮಾಡಬೇಕು. ಅಲ್ಲಿ ಹೆಣಿಗೆ ಕಿರಿದಾಗುತ್ತದೆ. ಜಪಾನಿನ ನಕ್ಷೆಗಳಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಕಂಬಗಳ ಬುಡ ಒಂದಕ್ಕೊಂದು ಅಂಟಿದ್ದರೆ ಕಡ್ಡಿಯನ್ನು ಕೆಳಗಿನ ಹೊಲಿಗೆಯೊಳಕ್ಕೇ ಚುಚ್ಚಬೇಕು. ಬುಡ ಬಿಡಿಬಿಡಿಯಾಗಿದ್ದರೆ ಚೈನಿನ ಕೆಳಗಿನ ಖಾಲಿ ಜಾಗಕ್ಕೆ ಹಾಕಿ ಚೈನನ್ನೇ ತಬ್ಬಿಕೊಳ್ಳಬೇಕು.

ಇನ್ನು ಓದುವ ದಿಕ್ಕು. ದುಂಡನೆಯ ನಕ್ಷೆಯನ್ನು ನಡುವಿನಿಂದ ಹೊರಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ ಓದುತ್ತಾರೆ. ಎಡಗೈಯವರು ನಕ್ಷೆಯನ್ನು ಕನ್ನಡಿಗೆ ಹಿಡಿದು ನೋಡಿದರೆ ಅವರ ದಿಕ್ಕು ಸಿಗುತ್ತದೆ. ಸಾಲಿನ ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೊದಲ ಸಾಲು ಬಲದಿಂದ ಎಡಕ್ಕೆ, ಎರಡನೆಯದು ಎಡದಿಂದ ಬಲಕ್ಕೆ. ಹೊಲ ಉಳುವ ಎತ್ತು ಸಾಲಿನ ಕೊನೆ ಮುಟ್ಟಿ, ತಿರುಗಿ ಬರುವ ಹಾಗೆ. ಹೆಣೆಯುವಾಗ ನಾವು ಬಟ್ಟೆಯನ್ನು ತಿರುಗಿಸುತ್ತೇವೆ, ಕೈ ಮಾತ್ರ ಒಂದೇ ದಿಕ್ಕಿಗೆ ಹೋಗುತ್ತದೆ. ನಕ್ಷೆ ಮುಂಬದಿಯನ್ನೇ ತೋರಿಸುವುದರಿಂದ ಕಣ್ಣು ಹೋಗಿ ಬಂದು ಮಾಡಬೇಕಾಗುತ್ತದೆ. ಹೊಸಬರಿಗೆ ತೊಡಕಾಗುವುದು ಹೆಚ್ಚಾಗಿ ಇಲ್ಲಿಯೇ.

ಮಕ್ಕಳೇ, ಈಗ ನಿಮ್ಮ ಗಣಿತಕ್ಕೆ ಬರುತ್ತೇನೆ. ಚಪ್ಪಟೆಯಾದ ದುಂಡು ಹೊದಿಕೆ ಬೇಕೆಂದರೆ ಡಬಲ್ ಕ್ರೋಶಾದಲ್ಲಿ ಮೊದಲ ಸುತ್ತಿಗೆ 12 ಕಂಬ, ಎರಡನೆಯದಕ್ಕೆ 24, ಮೂರನೆಯದಕ್ಕೆ 36. ಪ್ರತಿ ಸುತ್ತಿಗೂ 12 ಹೆಚ್ಚು. ಸಿಂಗಲ್ ಗಿಡ್ಡ ಹೊಲಿಗೆಯಾದ್ದರಿಂದ 6, 12, 18. ಕಡಿಮೆ ಸೇರಿಸಿದರೆ ಅಂಚು ಎದ್ದು ಬಟ್ಟಲಾಗುತ್ತದೆ. ಟೋಪಿಗೆ ಅದೇ ಬೇಕು. ಹೆಚ್ಚು ಸೇರಿಸಿದರೆ ಎಲೆಕೋಸಿನ ಎಲೆಯಂತೆ ಸುಕ್ಕು ಸುಕ್ಕಾಗಿ ಏಳುತ್ತದೆ. ಈ ಸುಕ್ಕನ್ನೇ ಹಿಡಿದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ, ಲಾತ್ವಿಯಾ ಮೂಲದ ಡೈನಾ ತೈಮಿನಾ ಅವರು 1997ರಲ್ಲಿ ಹೈಪರ್ಬೋಲಿಕ್ ಜ್ಯಾಮಿತಿಯನ್ನು ಕ್ರೋಶಾದಲ್ಲಿ ಹೆಣೆದು ತೋರಿಸಿದರು. ಕಾಗದದಲ್ಲಿ ಮಾಡಿದ ಮಾದರಿ ಬೇಗ ಹರಿದುಹೋಗುತ್ತಿತ್ತು. ದಾರದ್ದನ್ನು ವಿದ್ಯಾರ್ಥಿಗಳು ಮಡಚಿ, ಬಿಚ್ಚಿ ನೋಡಬಹುದಾಗಿತ್ತು.

ಅಂಚಿನ ನಕ್ಷೆಗೂ ಲೆಕ್ಕವಿದೆ. ಒಂದು ಸಿಂಗಲ್, 2 ಚೈನ್ ಬಿಟ್ಟು ಒಂದೇ ತೂತಿಗೆ 5 ಡಬಲ್‌ನ ಸಿಂಪಿ, ಮತ್ತೆ 2 ಬಿಟ್ಟು ಸಿಂಗಲ್. ಈ ಸಿಂಪಿ ಅಂಚಿನಲ್ಲಿ ಒಂದು ಪಾಲಿಗೆ 6 ಚೈನ್ ಹೋಗುತ್ತದೆ, ಕೊನೆಯ ಸಿಂಗಲ್‌ಗೆ 1 ಹೆಚ್ಚು ಬೇಕು. 10 ಸಿಂಪಿ ಬೇಕಿದ್ದರೆ 61, ತಿರುಗಲು ಇನ್ನೊಂದು, ಒಟ್ಟು 62 ಚೈನ್. ನಕ್ಷೆಯಲ್ಲಿ ಹತ್ತೂ ಸಿಂಪಿ ಬರೆದಿರುವುದಿಲ್ಲ. ಒಂದೆರಡು ಪಾಲು ಬರೆದು, ಎಲ್ಲಿಂದ ಎಲ್ಲಿಗೆ ಮತ್ತೆ ಮಾಡಬೇಕೆಂದು ಗುರುತು ಹಾಕಿರುತ್ತಾರೆ. ಉಳಿದದ್ದನ್ನು ನಾವು ಗುಣಿಸಿಕೊಳ್ಳಬೇಕು.

ಇಂಗ್ಲಿಷಿನಲ್ಲಿ ಬರೆದದ್ದು ಇದೆಯಲ್ಲ, ನಕ್ಷೆ ಯಾಕೆ ಎಂದು ಕೆಲವರು ಕೇಳುತ್ತಾರೆ. ಇಂಗ್ಲಿಷ್ ಬಂದವರೂ ಅದರಲ್ಲಿ ಎಡವುತ್ತಾರೆ. ಅಮೆರಿಕದವರು ಸಿಂಗಲ್ ಎನ್ನುವುದನ್ನು ಬ್ರಿಟನ್ನಿನವರು ಡಬಲ್ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರಿಬಲ್. ನಾನು ಈಗ ಹೇಳಿದ್ದೆಲ್ಲ ಅಮೆರಿಕದ ಹೆಸರುಗಳು. ಪುಸ್ತಕ ಯಾವ ದೇಶದ್ದೆಂದು ನೋಡದೆ ಹೆಣೆದರೆ ಮಗುವಿನ ಅಂಗಿ ಅಳತೆಗೆ ಬರುವುದಿಲ್ಲ. ಆದರೆ ಒಂದು ಗೀಟಿನ ಕಂಬ ಎರಡೂ ದೇಶದಲ್ಲಿ ಒಂದು ಗೀಟಿನ ಕಂಬವೇ. ಜಪಾನಿನಲ್ಲಂತೂ ಹೆಣಿಗೆಯ ಚಿಹ್ನೆಗಳನ್ನು ರಾಷ್ಟ್ರೀಯ ಕೈಗಾರಿಕಾ ಮಾನಕದಲ್ಲಿಯೇ ಗೊತ್ತುಪಡಿಸಿದ್ದಾರೆ. ಆದ್ದರಿಂದ ಜಪಾನಿ ಭಾಷೆಯ ಒಂದಕ್ಷರ ಬಾರದವರೂ ಅಲ್ಲಿನ ಪುಸ್ತಕ ನೋಡಿ ಹೆಣೆಯುತ್ತಾರೆ. ಕನ್ನಡವನ್ನೂ ಓದಲು ಬಾರದ ತಾಯಂದಿರು ಈ ಆರು ಚಿಹ್ನೆ ಗುರುತಿಸಿ, ಬೆರಳಿಟ್ಟು ಎಣಿಸಿಕೊಂಡು ಹೂವು ಮುಗಿಸಿದ್ದನ್ನು ನನ್ನ ತರಗತಿಯಲ್ಲಿ ನೋಡಿದ್ದೇನೆ. "ನಂಗೆ ಓದಕ್ಕೆ ಬರಲ್ಲ ಟೀಚರ್" ಎಂದು ಹಿಂದಿನ ಸಾಲಿನಲ್ಲಿ ಕೂತವರೇ ಆಮೇಲೆ ಮುಂದಿನ ಸಾಲಿಗೆ ಬಂದು ಬೇರೆಯವರ ನಕ್ಷೆಯಲ್ಲಿ ತಪ್ಪು ಹುಡುಕುತ್ತಿದ್ದರು.

ಇದರಲ್ಲಿ ಹೊಟ್ಟೆಪಾಡಿನ ಪ್ರಶ್ನೆಯೂ ಇದೆ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತಮುತ್ತ ಹೆಂಗಸರು ಹೆಣೆದ ಕ್ರೋಶಾ ಲೇಸು ಪರದೇಶಗಳಿಗೆ ಹೋಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಹೆಂಗಸರ ಬಗ್ಗೆ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಒಬ್ಬರು ಬರೀ ಹೂವು ಹೆಣೆಯುವುದು, ಇನ್ನೊಬ್ಬರು ಜೋಡಿಸುವುದು, ವ್ಯಾಪಾರ ಮಾಡುವವರು ಬೇರೆಯವರು. ಮನೆಯಲ್ಲಿ ಕೂತು ದಿನವಿಡೀ ದುಡಿದರೂ ಅದು ಬಿಡುವಿನ ಕೆಲಸವೆಂದೇ ಲೆಕ್ಕ, ಕೂಲಿಯೂ ಅಷ್ಟಕ್ಕಷ್ಟೇ.

ನಮ್ಮ ಸೀರೆ ಕುಚ್ಚಿನ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಂಗಡಿಯವರು ಒಂದು ಮಾದರಿ ತೋರಿಸಿ "ಇದೇ ಥರ ಹಾಕಿಕೊಡಮ್ಮ" ಎನ್ನುತ್ತಾರೆ, ದರವನ್ನೂ ಅವರೇ ಹೇಳುತ್ತಾರೆ. ನಕ್ಷೆ ಓದಿದರೆ ಕೂಲಿ ತಾನಾಗಿ ಏರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ನಕ್ಷೆ ಬಂದವಳು ಒಂದು ಕುಚ್ಚಿಗೆ ಎಷ್ಟು ಕಂಬ, ಎಷ್ಟು ಚೈನ್, ಎಷ್ಟು ಮಣಿ ಎಂದು ಮೊದಲೇ ಎಣಿಸಬಲ್ಲಳು. ಒಂದು ಸೀರೆಗೆ ಎಷ್ಟು ಹೊತ್ತು, ಎಷ್ಟು ದಾರ ಎಂದು ಕೂತಲ್ಲೇ ಲೆಕ್ಕ ಹಾಕಬಲ್ಲಳು. "ಈ ಡಿಸೈನಿಗೆ ಇಷ್ಟಾಗುತ್ತೆ" ಎಂದು ಮೊದಲು ಬಾಯಿ ತೆರೆಯುವವಳು ಅವಳೇ ಆಗುತ್ತಾಳೆ. ಐದು ಕಂಬದ ಜಾಗದಲ್ಲಿ ಏಳು ಬರೆದು ನೋಡಿ, ತನ್ನದೇ ಹೊಸ ಮಾದರಿ ಮಾಡಬಲ್ಲಳು.

ಕೊನೆಗೆ ಈ ಶಾಲೆಗೆ ನನ್ನದೊಂದು ಕೋರಿಕೆ. ನಮ್ಮ ಮನೆಗಳ ಟ್ರಂಕಿನಲ್ಲಿ, ದೇವರ ಕೋಣೆಯ ಬಾಗಿಲಲ್ಲಿ ಹಳೆಯ ತೋರಣಗಳಿವೆ. ಹೆಣೆದವರಲ್ಲಿ ಕೆಲವರು ಇಲ್ಲೇ ಮುಂದೆ ಕೂತಿದ್ದಾರೆ, ಕೆಲವರು ಇಲ್ಲ. ಕಾರ್ಯಾನುಭವದ ಅವಧಿಯಲ್ಲಿ ಮಕ್ಕಳು ಆ ತೋರಣಗಳ ನಕ್ಷೆ ಬರೆಯಲಿ. ಅದಕ್ಕೆ ಹೊಲಿಗೆ ಬಿಚ್ಚಬೇಕಾಗಿಲ್ಲ. ಕಪ್ಪು ಬಟ್ಟೆಯ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಮತ್ತೆ ಮತ್ತೆ ಬರುವ ಒಂದು ಪಾಲನ್ನು ಮಾತ್ರ ಎಣಿಸಿ ಬರೆದರೆ ಸಾಕು. ಆಮೇಲೆ ಆ ನಕ್ಷೆ ನೋಡಿ ಬೇರೊಬ್ಬ ಮಗು ಹೆಣೆಯಲಿ. ಅದೇ ಹೂವು ಬಂದರೆ ನಕ್ಷೆ ಸರಿ. ಪುಟದ ಕೆಳಗೆ ಹೆಣೆದವರ ಹೆಸರು ಬರೆಯಿರಿ. ಹುಡುಗರೂ ಕೂರಲಿ, ಎಣಿಸುವ ಕೆಲಸಕ್ಕೆ ಗಂಡು ಹೆಣ್ಣು ಎಂಬುದಿಲ್ಲ. ಆ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿರಲಿ. ಅದಕ್ಕೆ ಬೇಕಾದ ನೋಟುಬುಕ್ಕು, ದಾರ, ಕಡ್ಡಿಗಳನ್ನು ನಾನು ಕೊಡುತ್ತೇನೆ. ತಿಂಗಳಿಗೆ ಎರಡು ಶನಿವಾರ ಬಂದು ಕೂರುತ್ತೇನೆ. ಓದು ಬಿಟ್ಟ ಹೆಣ್ಣುಮಕ್ಕಳೂ, ತಾಯಂದಿರೂ ಬರಲಿ, ಮುಖ್ಯೋಪಾಧ್ಯಾಯರು ಅನುಮತಿ ಕೊಡಬೇಕು.

ಐವತ್ತು ವರ್ಷ ಈ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದ ಶಾಲೆ ಇದು. ಈ ಆರು ಅಕ್ಷರವನ್ನೂ ಆ ಸಾಲಿಗೆ ಸೇರಿಸಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.