ಕೆಡವುವುದಕ್ಕೂ ಕಟ್ಟಳೆ ಬೇಕು
(ಉಗರಗೋಳದಲ್ಲಿ ಮಾಡಿದ ಭಾಷಣ)

ಮನೆ ಕಟ್ಟುವಾಗ ನಾವು ಮುಹೂರ್ತ ಕೇಳುತ್ತೇವೆ, ಗವಂಡಿಯನ್ನು ಹತ್ತು ಸಲ ವಿಚಾರಿಸುತ್ತೇವೆ. ಕೆಡವುವಾಗ ಮಾತ್ರ ತಾಸಿನ ಬಾಡಿಗೆಗೆ ಜೆಸಿಬಿ ತರಿಸಿ, 'ಲಗೂ ಮುಗಸಪಾ' ಎನ್ನುತ್ತೇವೆ. ಈ ಅವಸರಕ್ಕೆ ಬೆಲೆ ತೆರುವವನು ಯಾರು? ಗೋಡೆಯ ಬುಡದಲ್ಲಿ ಜಂತಿ ಆರಿಸುವ ಕೂಲಿಕಾರ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳಲ್ಲಿ ಮನೆಗಳು ನೆನೆದು ಕುಸಿದವು. ಅರ್ಧ ಬಿದ್ದ ಮಣ್ಣಿನ ಗೋಡೆ ಯಾವ ಕಡೆಗೆ ಉರುಳೀತೆಂದು ಯಾರೂ ಹೇಳಲಾರರು. ಅದೇ ವರ್ಷ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅಲ್ಲಿ ಅವಶೇಷದೊಳಗಿಂದ ದಿನಗಳ ಮೇಲೂ ಜೀವಂತ ಮನುಷ್ಯರು ಹೊರಬಂದರು. ಯಂತ್ರವನ್ನು ಎಲ್ಲಿ ನಡೆಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕ ಎಷ್ಟು ದೊಡ್ಡದೆಂದು ಆಗ ತಿಳಿಯಿತು.

ನಾವು ಯಂತ್ರದ ವೈರಿಗಳಲ್ಲ. ಅದು ಕೂಲಿಕಾರನ ಹೆಗಲಿನ ಗುದ್ದಲಿ ಇಳಿಸಿದೆ. ಆದರೆ ಗಿರಣಿಯಲ್ಲಿ ಪಟ್ಟಾಕ್ಕೆ ಕವಚವಿಲ್ಲದೆ ಯಂತ್ರ ನಡೆಸಬಾರದೆಂದು ಹಟ ಹಿಡಿಯುವ ನೀವು, ನಿಮ್ಮ ಓಣಿಯಲ್ಲಿ ಸುಮ್ಮನಿರಬಹುದೇ?

ಕಟ್ಟಳೆ ಕಠಿಣವಾದದ್ದೇನಲ್ಲ. ಮೊದಲು ವಿದ್ಯುತ್ತು, ನೀರು ಕಡಿಸಿರಿ. ಒಳಗೆ ಯಾರೂ ಇಲ್ಲವೆಂದು ಕೋಣೆ ಕೋಣೆ ನೋಡಿರಿ. ಗೋಡೆಯ ಎತ್ತರದ ಒಂದೂವರೆ ಪಟ್ಟು ದೂರಕ್ಕೆ ಹಗ್ಗ ಕಟ್ಟಿ ಜನರನ್ನು ತಡೆಯಿರಿ. ಮೇಲಿನಿಂದ ಕೆಳಕ್ಕೆ ಬಿಚ್ಚಿರಿ; ಬುಡ ಕೊರೆದರೆ ಗೋಡೆ ಯಂತ್ರದ ಮೇಲೆಯೇ ಬಂದೀತು. ಯಂತ್ರದ ತೋಳು ಮೇಲಿನವರೆಗೆ ಮುಟ್ಟದಿದ್ದರೆ ದೊಡ್ಡ ಯಂತ್ರ ತರಿಸಿರಿ, ಇಲ್ಲವೆ ಮೇಲ್ಭಾಗವನ್ನು ಕೈಯಿಂದ ಬಿಚ್ಚಿಸಿರಿ. ಸನ್ನೆ ಮಾಡುವವನು ಒಬ್ಬನೇ ಇರಲಿ. ಯಂತ್ರ ನಿಂತ ಮೇಲೆಯೇ ಆಳು ಒಳಗೆ ಹೋಗಲಿ. ಧೂಳಿಗೆ ನೀರು ಹೊಡೆಯಿರಿ; ಕಲ್ಲು, ಕಾಂಕ್ರೀಟಿನ ಪುಡಿ ಪುಪ್ಪುಸಕ್ಕೆ ಹೊಕ್ಕರೆ ಹೊರಬರುವುದಿಲ್ಲ.

ವ್ಯಾಪಾರಿ ಬಂಧುಗಳೆ, ಪೇಟೆಯಲ್ಲಿ ನಿಮ್ಮ ಅಂಗಡಿಗೂ ಪಕ್ಕದ ಅಂಗಡಿಗೂ ಗೋಡೆ ಒಂದೇ. ಅವರದು ಬಿದ್ದರೆ ನಿಮ್ಮದು ಬಿರಿಯುತ್ತದೆ. ಆಧಾರದ ಕಂಬ ಕೊಡುವ ಮೊದಲು ಯಂತ್ರ ತಾಗಿಸಬೇಡಿರೆಂದು ನೀವೇ ಹೇಳಬೇಕು.

ಕೆಡವುವ ಕೆಲಸವೂ ಕಟ್ಟಡದ ಕೆಲಸವೇ ಎಂದು 1996ರ ಕಾನೂನು ಎಣಿಸಿತು. ಆದುದರಿಂದ ಜಂತಿ ಆರಿಸುವವನೂ ಕಟ್ಟಡ ಕಾರ್ಮಿಕನೇ. ಕಲ್ಯಾಣ ಮಂಡಳಿಯಲ್ಲಿ ಅವನ ಹೆಸರು ಬರೆಯಿಸೋಣ.

ಯಂತ್ರದ ಬಾಡಿಗೆ ಒಂದು ತಾಸು ಹೆಚ್ಚಾದೀತು, ಆಗಲಿ. ಹೋದ ಜೀವಕ್ಕೆ ಬಾಡಿಗೆಯಿಲ್ಲ.