ಮೈದನಹಳ್ಳಿಗೆ ಬುತ್ತಿ ಕಟ್ಟಿಕೊಂಡು



ಮಧುಗಿರಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಲ್ಲಿಯ ಏಕಶಿಲಾ ಬೆಟ್ಟ. ಆ ಬೆಟ್ಟಕ್ಕೆ ಬೆನ್ನುಮಾಡಿ ಆಂಧ್ರದ ಗಡಿಯತ್ತ ಹೊರಟರೆ ಮೈದನಹಳ್ಳಿಯ ಬಯಲು ಸಿಗುತ್ತದೆಂಬುದನ್ನು ಬಲ್ಲವರು ಕಡಿಮೆ. ಹುಲ್ಲು, ಅಂಚಿನಲ್ಲಿ ನೀಲಗಿರಿ ಮರಗಳು, ನಡುವೆ ಕೃಷ್ಣಮೃಗಗಳ ಹಿಂಡು. ಇಷ್ಟೇ ಅದರ ವೈಭವ. 2007ರಲ್ಲಿ ಸರ್ಕಾರವು ಇದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆಯ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ನದಿಯ ಹೆಸರು ಅದು. ವಿಸ್ತಾರ 798 ಎಕರೆ. ಬಂಡೀಪುರವನ್ನು ಕಂಡ ಕಣ್ಣಿಗೆ ಇದೊಂದು ಹಿತ್ತಲು.

ಶಾಕುಂತಲವನ್ನು ಓದಿದವರಿಗೆ ಈ ಮೃಗದ ಪರಿಚಯ ಹೇಳಬೇಕಾಗಿಲ್ಲ. ದುಷ್ಯಂತನ ರಥದ ಮುಂದೆ ಓಡಿದ್ದು ಇದರ ಕುಲವೇ. ಆ ಮೊದಲನೆಯ ಅಂಕವನ್ನು ಎಷ್ಟೋ ಸಲ ಪಾಠ ಹೇಳಿದ ನನಗೆ, ಗಂಡಿನ ಬೆನ್ನಿನ ಕಪ್ಪು, ಹೊಟ್ಟೆಯ ಬಿಳುಪು, ತಿರುಚಿದ ಕೊಂಬುಗಳು ಕಣ್ಣೆದುರು ನಿಂತಾಗ ಕವಿಯ ಮಾತು ಉತ್ಪ್ರೇಕ್ಷೆಯಲ್ಲವೆನ್ನಿಸಿತು.

ಹೋಗುವವರು ಮುಂಚಿತವಾಗಿ ಮಧುಗಿರಿಯ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ರಾತ್ರಿ ಮಧುಗಿರಿಯಲ್ಲಿ ತಂಗಿ ನಸುಕಿನಲ್ಲೇ ಹೊರಡುವುದು ಲೇಸು. ಬಯಲಿನಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ. ತಲೆಗೆ ಮೂರು ಲೀಟರಿನಂತೆ ನೀರು, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಟೋಪಿ, ದುರ್ಬೀನು, ಎಲ್ಲವೂ ನಮ್ಮೊಂದಿಗೇ ಬರಬೇಕು. ಎಂಜಲೆಲೆಯೂ ನಮ್ಮೊಂದಿಗೇ ಹಿಂದಿರುಗಬೇಕು. ಅಲ್ಲೊಂದು ಕ್ಯಾಂಟೀನು ತೆರೆದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತೆಂದು ನನ್ನೊಡನೆ ಬಂದ ಮಿತ್ರರೊಬ್ಬರು ಹಲುಬಿದರು. ಕ್ಯಾಂಟೀನು ಬಂದರೆ ಎಂಜಲು ಬರುತ್ತದೆ, ಎಂಜಲಿನ ಹಿಂದೆ ಬೀದಿನಾಯಿಗಳು ಬರುತ್ತವೆ. ಹುಲ್ಲಿನಲ್ಲಿ ಅಡಗಿ ಮಲಗಿರುವ ಮರಿಗೆ ನಾಯಿಗಿಂತ ದೊಡ್ಡ ಶತ್ರುವಿಲ್ಲ.

ಇನ್ನು ಛಾಯಾಚಿತ್ರದ ಹುಚ್ಚು. ಹತ್ತಿರದಿಂದ ತೆಗೆಯುವ ಆಸೆಗೆ ಜೀಪನ್ನು ಹಿಂಡಿನ ಬೆನ್ನಿಗೆ ಬಿಡುವವರಿದ್ದಾರೆ. ಗಂಟೆಗೆ 80 ಕಿಲೋಮೀಟರಿನಷ್ಟು ವೇಗದಲ್ಲಿ ಓಡಬಲ್ಲ ಮೃಗಕ್ಕೆ 798 ಎಕರೆ ಎಷ್ಟರ ಪಾಡು? ಕ್ಷಣದಲ್ಲಿ ಗಡಿ ದಾಟಿ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತದೆ. 1972ರ ವನ್ಯಜೀವಿ ಕಾಯಿದೆಯ ಬಲ ಮೃಗದ ಪಾಲಿಗಿದೆ, ಅದು ಸರಿಯೇ. ಮಳೆಯನ್ನೇ ನಂಬಿದ ಆ ರೈತನ ಪಾಲಿಗಿರುವುದು ರಾತ್ರಿಯ ಕಾವಲು. ಒಂದು ಚಿತ್ರದ ಬೆಲೆಯನ್ನು ಅವನಿಂದ ಕೀಳುವುದು ಯಾವ ನ್ಯಾಯ? ದುಷ್ಯಂತನನ್ನು ತಡೆಯಲು ತಪಸ್ವಿಗಳಾದರೂ ಇದ್ದರು.

ಆದುದರಿಂದ ನಾನು ಹೇಳುವ ಕಾಲ ಕಡಲೆಕಾಯಿ ಕಿತ್ತಾದ ಮೇಲಿನದು, ಕಾರ್ತಿಕದಿಂದ ಮಾಘದವರೆಗೆ. ಆಗ ಬೇಸಗೆಯ ಉರಿಯೂ ಇರುವುದಿಲ್ಲ. ದಾರಿಯನ್ನು ಬಿಟ್ಟು ಹುಲ್ಲಿಗಿಳಿಯಬೇಡಿ. ನೆಲಗುಬ್ಬಿಗಳ ಗೂಡು ಕಾಲಡಿಯಲ್ಲೇ ಇರಬಹುದು. ಸೂರ್ಯೋದಯಕ್ಕೆ ವೀಕ್ಷಣಾ ಗೋಪುರವನ್ನೇರಿ ಸುಮ್ಮನೆ ಕುಳಿತರೆ ಮೃಗಗಳು ತಾವಾಗಿ ಮೇಯುತ್ತ ಬರುತ್ತವೆ. ಬಿಸಿಲೇರಿದಂತೆ ಅವು ನೆರಳಿಗೆ ಸರಿಯುತ್ತವೆ. ಆಗ ಬುತ್ತಿ ಬಿಚ್ಚಬಹುದು.